ದೊಡ್ಡ ಸಾವ್ಕಾರನಿಗೊಂದು ಶಾಲು

ನನ್ನ ಅಕ್ಕನ ಗಂಡನಿಗೆ ಎದುರು ಬಂದವರ ಮುಖಕ್ಕಿಂತ ಮೊದಲು ಕೊರಳು ಕಾಣುತ್ತದೆ. ಕೊರಳು ಕಂಡರೆ ಸಾಕು, ಕೈ ಹಾರ ಹುಡುಕುತ್ತದೆ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು ಅವರು. ಅಲ್ಲಿಗೆ ಬಂದ ಸಾಹೇಬರಿಗೆಲ್ಲ ಬಂದಾಗ ಒಂದು ಸನ್ಮಾನ, ವರ್ಗವಾಗಿ ಹೋಗುವಾಗ ಒಂದು ಸನ್ಮಾನ, ನಡುವೆ ಬಡ್ತಿ ಸಿಕ್ಕರೆ ಇನ್ನೊಂದು. ಶಾಲು ಯಾವ ಅಂಗಡಿಯಲ್ಲಿ ಅಗ್ಗ, ಪೇಟ ಯಾರ ತಲೆಗೆ ಬಿಗಿಯಾಗುತ್ತದೆ, ಹಣ್ಣಿನ ಬುಟ್ಟಿಗೆ ಯಾವ ಬಣ್ಣದ ಹಾಳೆ ಸುತ್ತಬೇಕು, ಇಷ್ಟೂ ಅವರಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೂ ಚಟ ಬಿಡಲಿಲ್ಲ. ಓಣಿಗೆ ಹೊಸ ಲೈನ್‌ಮನ್ ಬಂದರೆ ಅವನಿಗೂ ಒಂದು ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ ಮನುಷ್ಯ.

ನಾನು ಸುರಪುರದ ಬ್ಯಾಂಕೊಂದರ ಕ್ಯಾಷ್ ಕೌಂಟರಿನಲ್ಲಿ ಕೂತು ಸವೆದವಳು. ಗಾಜಿನ ಹಿಂದೆ ಕೂತು ಮಂದಿಯ ಮುಖ ನೋಡಿ ನೋಡಿ ನನ್ನ ನಾಲಿಗೆ ಖಾರವಾಗಿದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ, ಹೇಳಲಿ. ಅಕ್ಕನ ಗಂಡನನ್ನು ನಾವು ಎದುರಿಗೆ ಮಾಮಾ ಎಂದೇ ಕರೆಯುವುದು. ಬೆನ್ನ ಹಿಂದೆ ನಾನು ಏನು ಕರೆಯುತ್ತೇನೆ ಎಂಬುದು ಬರೆಯುವಂಥದ್ದಲ್ಲ, ಆದ್ದರಿಂದ ಇಲ್ಲಿ ಭಾವ ಎಂದು ಬರೆಯುತ್ತೇನೆ.

ದೋರನಹಳ್ಳಿಯಲ್ಲಿ ಅಪ್ಪನ ಹೊಲವಿತ್ತು. ಅಪ್ಪ ಹೋದ ಮೇಲೆ ಅದನ್ನು ಮಾರಿ ಅಕ್ಕ ನಾನು ಹಂಚಿಕೊಂಡೆವು. ನನ್ನ ಪಾಲನ್ನು ನಾನು ಡಿಪಾಜಿಟ್ ಇಟ್ಟೆ. ಅಕ್ಕನ ಪಾಲು ಅಕ್ಕನ ಖಾತೆಗೆ ಬಂದಿತು, ಅಷ್ಟೇ. ಅವಳು ಅದನ್ನು ಕಣ್ಣು ತುಂಬ ನೋಡುವ ಮೊದಲೇ ಭಾವ ಅವಳನ್ನು ಯಾದಗಿರಿಗೆ ಕರೆದುಕೊಂಡು ಹೋದರು. ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ, ಮಹಡಿಯ ಮೇಲೆ, ಶೇರಿನ ಆಫೀಸು. ದುಡ್ಡು ಅಕ್ಕನ ಖಾತೆಯಲ್ಲಿ ಇದ್ದದ್ದರಿಂದ ಶೇರಿನ ಖಾತೆಯೂ ಅಕ್ಕನ ಹೆಸರಿನಲ್ಲೇ ಆಯಿತು, ಅವಳ ಫೋನಿಗೇ ಜೋಡಿಸಿದರು. ಗೆರೆ ಹಾಕಿದಲ್ಲೆಲ್ಲ ಅವಳು ಸಹಿ ಮಾಡಿದಳು. ಬರುವಾಗ ಭಾವ ಅವಳಿಗೆ ಒಂದು ಲಸ್ಸಿ ಕುಡಿಸಿದರಂತೆ. ಅಪ್ಪನ ಹೊಲ ಹೋಗಿ ಒಂದು ಲಸ್ಸಿ ಬಂತು ನೋಡು ಎಂದು ನಾನು ಅಂದಾಗ ಅಕ್ಕ ನಕ್ಕುಬಿಟ್ಟಳು.

ಅಷ್ಟೂ ದುಡ್ಡು ಒಂದೇ ಕಂಪನಿಗೆ. ಮೊದಲು ಪಂಪ್‌ಸೆಟ್ ಮಾಡುತ್ತಿದ್ದ ಕಂಪನಿ ಅದು. ಈಗ ಬ್ಯಾಟರಿ ಮಾಡುತ್ತೇವೆ, ಬ್ಯಾಟರಿ ಗಾಡಿ ಮಾಡುತ್ತೇವೆ, ಮುಂದೆ ಇನ್ನೇನೋ ಮಾಡುತ್ತೇವೆ ಎಂದು ಹೇಳುತ್ತಿತ್ತು. ಅದರ ಯಜಮಾನ ವಾರಕ್ಕೊಮ್ಮೆಯಾದರೂ ಟೀವಿಯಲ್ಲಿ ಕಾಣಿಸಿಕೊಳ್ಳುವ ಆಸಾಮಿ. ಬಿಳಿ ಅಂಗಿ, ಮೆಲ್ಲನೆ ಮಾತು, ಎರಡು ಮಾತಿಗೊಮ್ಮೆ ದೇಶ, ಮೂರನೆಯದಕ್ಕೆ ತಾಯಿ. ಅಕ್ಕ ಭಾವ ಇರುವ ಶಹಾಪುರದಲ್ಲಿ ಅವನಿಗೆ ದೊಡ್ಡ ಸಾವ್ಕಾರ ಎಂದು ಹೆಸರಾಗಿಬಿಟ್ಟಿತ್ತು. ಅವನು ಶಹಾಪುರವನ್ನು ಕನಸಿನಲ್ಲಿಯೂ ಕಂಡವನಲ್ಲ. ಆದರೆ ಭಾವ ಅವನ ಬಗ್ಗೆ ಮಾತಾಡುವ ಗತ್ತು ನೋಡಿದರೆ, ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಉಪ್ಪಿಟ್ಟು ತಿಂದು ಬಂದಿದ್ದಾರೆ ಅನ್ನಿಸಬೇಕು.

ಭಾವನ ಬೈಠಕ್ಕು ಬಸ್‌ಸ್ಟ್ಯಾಂಡ್ ಹತ್ತಿರದ ಬಟ್ಟೆ ಅಂಗಡಿಯ ಕಟ್ಟೆ. ಅಂಗಡಿ ಒಬ್ಬ ಮಿಯಾ ಅವರದ್ದು, ತಲೆತಲಾಂತರದ ವ್ಯಾಪಾರ. ಕಟ್ಟೆಗೆ ದಿನಾ ಬರುವವರು ಮೂವರು: ಭಾವ, ಒಬ್ಬ ನಿವೃತ್ತ ಇಂಜಿನಿಯರ್, ಒಬ್ಬ ಹತ್ತಿ ವ್ಯಾಪಾರಿ. ಮೂವರೂ ಸಾವ್ಕಾರನ ಶೇರು ಹಿಡಿದವರು. ಈ ಹತ್ತಿ ವ್ಯಾಪಾರಿಯನ್ನು ನಾನು ಬಲ್ಲೆ. ಹತ್ತಿ ಗಾಡಿ ಬಂದರೆ ಅಂಡಿಗೆ ಚೀಲದ ಹೊಟ್ಟೆಯೊಳಗೆ ಮೊಳಕೈ ತನಕ ಕೈ ತೂರಿಸಿ ತೇವ ನೋಡಿ, ಕಸ ಆರಿಸಿ, ಎಳೆ ಹಿಂಜಿ ನೋಡಿ, ರೈತನ ಜೀವ ಹಿಂಡಿ ಆಮೇಲೆ ಬೆಲೆ ಹೇಳುವವನು. ಇಂಥವನು ಈ ಕಂಪನಿ ವರ್ಷಕ್ಕೆ ಎಷ್ಟು ಗಳಿಸುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ.

ಒಮ್ಮೆ ಸೀರೆಗೆ ಫಾಲ್ ತರಲು ಅಂಗಡಿಗೆ ಹೋದವಳು ನಾನೇ ಕೇಳಿದೆ. “ಮಾಮಾ, ಒಂದ್ ಶೇರಿಗಿ ನೀವ್ ಕೊಟ್ಟ ರೊಕ್ಕ ಕಂಪನಿ ಲಾಭದಾಗ ವಾಪಸ್ ಬರಬೇಕಂದ್ರ ನಿಮ್ಮ ಮೊಮ್ಮಗನ ಮೊಮ್ಮಗ ಹುಟ್ಟಬೇಕು. ಇಷ್ಟು ತುಟ್ಟಿ ಕೊಟ್ಟು ಯಾಕ ಹಿಡದೀರಿ?”

“ನೀ ಬ್ಯಾಂಕಿನಾಕಿ,” ಅಂದರು ಭಾವ, ಸಣ್ಣ ಮಗುವಿಗೆ ಹೇಳುವಂತೆ. “ನಿಂಗ ಬಡ್ಡಿ ಅಷ್ಟ ತಿಳೀತದ. ಲಾಭ ನೋಡಬಾರ್ದವಾ, ಮನಷ್ಯಾನ ನೋಡಬೇಕು. ಎಂಥಾ ಮನಷ್ಯಾ ಅದಾನ ಅಂವ!”

ಇಂಜಿನಿಯರ್ ಸಾಹೇಬರು ಕನ್ನಡಕ ಏರಿಸಿ ಟೀವಿಯ ಜಾಣರ ಮಾತನ್ನೇ ಒಪ್ಪಿಸಿದರು. “ಛಲೋ ಮಾಲು ತುಟ್ಟೀನ ಇರ್ತದ್ರಿ. ಸಸ್ತಾ ಬೇಕಂದ್ರ ಸಸ್ತಾ ಕಂಪನಿ ಹಿಡೀರಿ.”

ಅಂಗಡಿಯ ಟೀವಿಯಲ್ಲಿ ಯಾರೋ ಒಬ್ಬ, ಬಜಾರು ಮಿತಿಮೀರಿ ಏರಿದೆ, ಹುಷಾರು ಎಂದು ಹೇಳಿದ್ದನಂತೆ. ಆ ಮನುಷ್ಯನಿಗೆ ಇವರು ಅಪಶಕುನದವ ಎಂದು ಹೆಸರಿಟ್ಟು, ಅವನ ಮುಖ ಬಂದ ಕೂಡಲೇ ಚಾನೆಲ್ ಬದಲಿಸುತ್ತಿದ್ದರು. ಮಿಯಾ ಮಾತ್ರ ಬಟ್ಟೆಯ ಥಾನು ಸುತ್ತುತ್ತಾ ನಗುತ್ತಿದ್ದರು. ಅವರು ತಮ್ಮಲ್ಲಿದ್ದ ಅದೇ ಕಂಪನಿಯ ಶೇರು ಮಾರಿ ಅಂಗಡಿಗೆ ಹೊಸ ಮಾಲು ತುಂಬಿಸಿದ್ದರು. ಅದಕ್ಕೆ ಕಟ್ಟೆಯ ಮೇಲೆ ಅವರು ಹೇಡಿ.

“ಆಪಾ,” ಅಂದರು ಮಿಯಾ ನನಗೆ, “ನಾ ಈ ಶಾಲಿಗಿ ಒಂದ್ ರೇಟು ಹೇಳಿದ್ರ ನಿಮ್ಮ ಮಾಮಾ ಅರ್ಧಕ್ಕ ಕೇಳ್ತಾರ. ಖುದಾ ಕಸಮ್, ಅರ್ಧಕ್ಕ! ಆ ಸಾವ್ಕಾರ ಹೇಳಿದ ರೇಟಿಗಿ ಮಾತ್ರ ಚೌಕಾಸಿ ಇಲ್ಲ. ಅದು ಎಂಥಾ ಬಜಾರ್ ರೀ?”

ಮೂವರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಸಾವ್ಕಾರ ಆ ದಿನ ಯಾವುದೋ ಮಠಕ್ಕೆ ಆಂಬುಲೆನ್ಸ್ ಕೊಟ್ಟಿದ್ದ, ಅದರ ಮಾತು ಶುರುವಾಯಿತು.

ಇನ್ನು ಅಕ್ಕನ ಮಾತಿಗೆ ಬರುತ್ತೇನೆ. ಅಕ್ಕ ಮನೆಯ ಹಿಂದಿನ ತಗಡಿನ ಕೆಳಗೆ ಎರಡು ಒಲೆ ಹೂಡಿ ಖಡಕ್ ರೊಟ್ಟಿ ಮಾಡುತ್ತಿದ್ದಳು. ಖಾನಾವಳಿಯವರು ಒಯ್ಯುತ್ತಿದ್ದರು, ಮದುವೆ ಮುಂಜಿಯವರು ಹೇಳಿ ಮಾಡಿಸುತ್ತಿದ್ದರು. ಭಾವನ ಪೆನ್ಷನ್ನು ಶಾಲು ಹಾರಕ್ಕೆ, ಕಟ್ಟೆಯ ಚಹಾಕ್ಕೆ ಹೋದರೆ ಮನೆ ನಡೆಯುತ್ತಿದ್ದದ್ದು ಈ ರೊಟ್ಟಿಯ ಮೇಲೆ. ಹೊಗೆಗೆ ಅವಳ ಕಣ್ಣು ಯಾವಾಗಲೂ ಕೆಂಪು. ಬಡಿದು ಬಡಿದು ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ, ತಲೆ ಬಾಚಿಕೊಳ್ಳಲು ಪಕ್ಕದ ಮನೆಯವಳನ್ನು ಕರೆಯುವ ಹಾಗಾಗಿತ್ತು. ಅವಳಿಗೆ ಒಂದೇ ಆಸೆ. ಭೀಮರಾಯನಗುಡಿ ರಸ್ತೆಯಲ್ಲಿ ಒಂದು ಮಳಿಗೆ ಖಾಲಿಯಾಗಿತ್ತು. ಅದನ್ನು ಹಿಡಿದು, ರೊಟ್ಟಿ ಮಶೀನು ಹಾಕಿ, ಗ್ಯಾಸಿನ ಒಲೆ ಇಟ್ಟು, ನಾಲ್ಕು ಹೆಂಗಸರನ್ನು ಕರೆದುಕೊಂಡು ತನ್ನದೇ ರೊಟ್ಟಿ ಕೇಂದ್ರ ತೆರೆಯಬೇಕು. ಮಳಿಗೆಯವನು ದಸರಾದೊಳಗೆ ಹೇಳಿದರೆ ಸರಿ, ಇಲ್ಲವಾದರೆ ಮೊಬೈಲ್ ಅಂಗಡಿಯವನಿಗೆ ಕೊಡುತ್ತೇನೆ ಅಂದಿದ್ದ.

ಶೇರು ಮಾರಿ ಕೊಡ್ರಿ ಎಂದು ಅಕ್ಕ ಕೇಳಿದಳು. ಅಪ್ಪನ ಹೊಲದ ದುಡ್ಡನ್ನು, ತನ್ನ ದುಡ್ಡನ್ನು, ಗಂಡನ ಹತ್ತಿರ ಬೇಡಿದಳು. ನನಗೆ ಅದನ್ನು ಕೇಳಿಯೇ ಮೈ ಉರಿದುಹೋಯಿತು. ಭಾವ ಇಲ್ಲ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಸಾವ್ಕಾರರು ಇನ್ನೂ ಏನೇನೋ ಮಾಡುವವರಿದ್ದಾರೆ, ಈಗ ಮಾರಿದರೆ ಮನೆಗೆ ಬಂದ ಲಕ್ಷ್ಮಿಯನ್ನು ಒದ್ದ ಹಾಗೆ ಎಂದರು.

ಆ ಹೊತ್ತಿಗೇ ನಾನು ಪೇಪರಿನಲ್ಲಿ ಒಂದು ಸುದ್ದಿ ಓದಿದ್ದೆ. ಸಾವ್ಕಾರ ತನ್ನದೇ ಕಂಪನಿಯ ತನ್ನದೇ ಶೇರುಗಳನ್ನು ಸ್ವಲ್ಪ ಸ್ವಲ್ಪವಾಗಿ ಮಾರುತ್ತಿದ್ದ. ಅದನ್ನು ಹಿಡಿದುಕೊಂಡು ಸುರಪುರದಿಂದ ಬಸ್ಸು ಹತ್ತಿ ಬಂದೆ. “ಮಾಮಾ, ಇಷ್ಟು ಛಲೋ ಮಾಲು ಇದ್ರ ಸಾವ್ಕಾರ ಯಾಕ ಮಾರಾಕತ್ತಾನ?” ಅಂದೆ.

ಭಾವ ಪೇಪರನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. “ಅದಕ್ಕ ಏನರೆ ಕಾರಣ ಇರ್ತದ,” ಅಂದರು.

“ಹಂಗಾದ್ರ ಕೇಳೋಣು. ಬರೋ ತಿಂಗಳ ಅವರ ವಾರ್ಷಿಕ ಸಭಾ ಅದ. ಕಂಪ್ಯೂಟರ್‌ನಾಗ ನಡೀತದ. ಶೇರು ಇದ್ದವರು ಹೆಸರು ಕೊಟ್ಟರ ಮಾತಾಡಾಕ ಬಿಡ್ತಾರ.”

ಭಾವನ ಕಣ್ಣು ಹೊಳೆಯಿತು. “ಸಾವ್ಕಾರ್ರ ಕೂಡ? ಎದುರಾ ಎದುರಾ?”

“ಎದುರಾ ಎದುರಾ. ಆದ್ರ ಖಾತೆ ಅಕ್ಕನ ಹೆಸರಿಲೆ ಅದ. ಅಕ್ಕ ಕೇಳ್ತಾಳ.”

ಅಲ್ಲಿಯೇ ಮಾತಾಯಿತು. ಅಕ್ಕ ಒಂದೇ ಒಂದು ಪ್ರಶ್ನೆ ಕೇಳುವುದು: ತುಟ್ಟಿ ಅಲ್ಲ ಅಂದರೆ ನೀವೇಕೆ ಮಾರುತ್ತಿದ್ದೀರಿ? ಸಾವ್ಕಾರ ನೆಟ್ಟಗೆ ಉತ್ತರ ಕೊಟ್ಟರೆ ಶೇರು ಇರಲಿ, ಮಳಿಗೆಯ ಮಾತು ಎತ್ತುವುದಿಲ್ಲ. ಉತ್ತರ ಕೊಡದಿದ್ದರೆ ಮರುದಿನವೇ ಮಾರಿ ಮಳಿಗೆಯವನಿಗೆ ಮಾತು ಕೊಡುವುದು. ಭಾವ ದೇವರ ಜಗುಲಿಯ ಕಡೆ ಕೈ ತೋರಿಸಿ ಒಪ್ಪಿಕೊಂಡರು. ನಾನು ಅಕ್ಕನ ಹೆಸರು ನೋಂದಾಯಿಸಿದೆ.

ಪ್ರಶ್ನೆಯನ್ನು ಹಿಂದಿಯಲ್ಲಿ ಬರೆದುಕೊಟ್ಟೆ. ಅಕ್ಕ ಅದನ್ನು ರೊಟ್ಟಿ ಬಡಿಯುತ್ತಾ ಬಾಯಿಪಾಠ ಮಾಡಿದಳು. ಅವಳು ನಾಲ್ಕು ಜನರ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. ಫೋನ್ ಮಾಡಿದಾಗಲೆಲ್ಲ ಮೊದಲು ಪ್ರಶ್ನೆ ಒಪ್ಪಿಸಿ ಆಮೇಲೆ ಆರಾಮಿದ್ದೀಯಾ ಎಂದು ಕೇಳುತ್ತಿದ್ದಳು. ಒಮ್ಮೆ ಮಿಯಾ ಅವರ ಹೆಂಡತಿಯ ಹತ್ತಿರ ಹೋಗಿ ಉಚ್ಚಾರ ತಿದ್ದಿಸಿಕೊಂಡು ಬಂದಳಂತೆ. ಕಷ್ಟ ಕೊಡುತ್ತಿದ್ದದ್ದು ಒಂದೇ, ದನಿ. “ದೊಡ್ಡ ಮನಷ್ಯಾ ಅಲ್ಲ, ಜೋರ್ ಮಾತಾಡಿದ್ರ ಸಿಟ್ಟಿಗೇಳಂಗಿಲ್ಲೇನು?” ಎಂದು ಕೇಳಿದಳು. ಸಿಟ್ಟಿಗೆದ್ದರೆ ಏಳಲಿ, ಟೀವಿಯೊಳಗಿಂದ ಹೊರಗೆ ಬರುತ್ತಾನೇನು ಎಂದೆ.

ಸಭೆಯ ದಿನ ಅಕ್ಕನ ಮನೆಯ ಪಡಸಾಲೆ ತುಂಬಿತ್ತು. ಇಂಜಿನಿಯರ್ ಬಂದರು, ಹತ್ತಿ ವ್ಯಾಪಾರಿ ಬಂದ, ಕರೆಯದಿದ್ದರೂ ಓಣಿಯವರು ಬಂದರು. ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ. ನಾನು ನನ್ನ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಟೀವಿಗೆ ಜೋಡಿಸಿದೆ. ಟೀವಿಯಲ್ಲಿ ದೊಡ್ಡ ಸಾವ್ಕಾರ ಕಂಡ. ಭಾವ ಎದ್ದು ನಿಂತು ಕೈ ಮುಗಿದರು. ಕೂತ್ಕೋರಿ ಮಾಮಾ, ನೀವಿನ್ನೂ ಅವನಿಗೆ ಕಾಣ್ತಿಲ್ಲ ಎಂದರೂ ಕೂರಲಿಲ್ಲ.

ಆ ಸಭೆಯನ್ನು ಏನೆಂದು ಹೇಳಲಿ! ಒಬ್ಬೊಬ್ಬರನ್ನೇ ಹೆಸರು ಕರೆದು ಎರಡು ನಿಮಿಷ ಕೊಡುತ್ತಿದ್ದರು. ಲೆಕ್ಕ ಕೇಳಬೇಕಾದ ಮಂದಿ. ಒಬ್ಬ ಸಾವ್ಕಾರನ ಮೇಲೆ ತಾನೇ ಕಟ್ಟಿದ ಪದ್ಯ ಓದಿದ. ಇನ್ನೊಬ್ಬ, ನಿಮ್ಮ ಮುಖ ಕಂಡರೆ ನನಗೆ ಬಿ.ಪಿ. ಇಳಿಯುತ್ತದೆ ಎಂದ. ಒಬ್ಬ ಮುದುಕ, ದೀಪಾವಳಿಗೆ ಶೇರುದಾರರಿಗೆ ಮಿಠಾಯಿ ಡಬ್ಬಿ ಕಳಿಸುವ ಪದ್ಧತಿ ಮತ್ತೆ ಶುರು ಮಾಡಿ ಎಂದು ಗೋಗರೆದ. ಬ್ಯಾಂಕಿನಲ್ಲಿ ಮ್ಯಾನೇಜರಿನ ಮುಂದೆ ಹಲ್ಲು ಗಿಂಜುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಅವರು ಸಾಲ ಕೇಳಲು ಬಂದವರು. ಇವರು ಕೊಟ್ಟವರು. ಕೊಟ್ಟು ಗಿಂಜುತ್ತಿದ್ದರು. ಥೂ ಎಂದು ಬಾಯಿಗೆ ಬಂದದ್ದನ್ನು ಮಿರ್ಚಿಯ ಜೊತೆ ನುಂಗಿದೆ.

ಅಕ್ಕ ಇಳಕಲ್ಲ ಸೀರೆ ಉಟ್ಟು, ಕುಂಕುಮ ಸರಿಮಾಡಿಕೊಂಡು, ಲ್ಯಾಪ್‌ಟಾಪಿನ ಮುಂದೆ ಬಂದು ನಿಂತಿದ್ದಳು. ತುಟಿ ಆಡುತ್ತಲೇ ಇದ್ದವು. ಸಭೆ ನಡೆಸುವ ಹೆಣ್ಣುಮಗಳು ಅಕ್ಕನ ಹೆಸರು ಕರೆದಳು, ಶಹಾಪುರ, ಕರ್ನಾಟಕ ಎಂದಳು. ನಾನು ಮೈಕು ತೆರೆದೆ. ಟೀವಿಯ ಮೂಲೆಯಲ್ಲಿ ಅಕ್ಕನ ಮುಖ ಕಂಡಿತು. ಅಕ್ಕ ಉಸಿರು ಎಳೆದುಕೊಂಡು, “ನಮಸ್ತೆ ಸಾಬ್,” ಅಂದಳು.

“ತುಸು ಸರಿ, ತುಸು ಸರಿ,” ಎಂದು ಭಾವ ಹಿಂದಿನಿಂದ ಬಂದು ಭುಜ ಹಿಡಿದು ಅವಳನ್ನು ಪಕ್ಕಕ್ಕೆ ಸರಿಸಿದರು. ಎತ್ತಲಾಗದ ಆ ಭುಜವನ್ನೇ ಹಿಡಿದರು. ಅವರ ಕೈಯಲ್ಲಿ ಶಾಲು. ಇಂಜಿನಿಯರ್ ಕೈಯಲ್ಲಿ ಪೇಟ. ಹತ್ತಿ ವ್ಯಾಪಾರಿಯ ಕೈಯಲ್ಲಿ ಮೊಣಕಾಲಿನ ತನಕ ಬರುವ ಚೆಂಡುಹೂವಿನ ಹಾರ. ಇಷ್ಟೆಲ್ಲ ಅಲಮಾರಿಯ ಹಿಂದೆ ಅಡಗಿಸಿ ಇಟ್ಟುಕೊಂಡಿದ್ದರು, ಮಳ್ಳರು.

“ಕಲ್ಯಾಣ ನಾಡಿನ ಸಮಸ್ತ ಜನತೆಯ ಪರವಾಗಿ,” ಎಂದು ಇಂಜಿನಿಯರ್ ಶುರುಮಾಡಿದರು. ಭಾವ ಶಾಲನ್ನು ಬಿಚ್ಚಿ ಟೀವಿಗೆ ಹೊದಿಸಿದರು. ಟೀವಿಗೆ! ಹಾರ ಟೀವಿಯ ಮೇಲೆ ನಿಲ್ಲಲಿಲ್ಲ, ಹತ್ತಿ ವ್ಯಾಪಾರಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಪೇಟ ಜಾರಿ ಬಿದ್ದು ಮಂಡಕ್ಕಿಯ ಪರಾತದಲ್ಲಿ ಕೂತಿತು. ಶಾಲಿನ ಒಂದು ಸೆರಗು ಜೋತುಬಿದ್ದು ಕೆಳಗಿದ್ದ ಲ್ಯಾಪ್‌ಟಾಪನ್ನು ಪೂರಾ ಮುಚ್ಚಿತು. ಅಂದರೆ ಸಾವ್ಕಾರನಿಗೆ ನಮ್ಮ ಕಡೆಯಿಂದ ಕಂಡದ್ದು ಕತ್ತಲೆ. ಕೇಳಿದ್ದು ಇಂಜಿನಿಯರ್ ಸಾಹೇಬರ ಭಾಷಣ.

ನಾನು ಶಾಲು ಎಳೆದೆ. ಭಾವ ಬಿಡಲಿಲ್ಲ. “ಅಪಮಾನ ಆಗ್ತದ, ಬಿಡು!” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. “ಅಕ್ಕಾ, ಅಲ್ಲಿಂದನ ಕೇಳು, ಒದರು!” ಎಂದೆ. ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಪಡಸಾಲೆಯವರೆಲ್ಲ ಚಪ್ಪಾಳೆ ಹೊಡೆದರು, ಯಾರೋ ಜೈ ಎಂದರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಅತ್ತ ಕಡೆಯಿಂದ ಗಂಟೆ ಬಾರಿಸಿತು. ನಾನು ಶಾಲು ಕಿತ್ತು ಎಸೆದಾಗ ಸಾವ್ಕಾರ ನಗುತ್ತಾ ಕೈ ಜೋಡಿಸಿದ್ದ. ಕರ್ನಾಟಕದ ಪ್ರೀತಿಗೆ ಬಹುತ್ ಬಹುತ್ ಶುಕ್ರಿಯಾ ಎಂದ. ಮುಂದಿನವರ ಹೆಸರು ಕರೆದರು.

ಅಕ್ಕ ಅಲ್ಲಿಯೇ, ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ ಬಗ್ಗಿ ಪರಾತದಿಂದ ಪೇಟ ತೆಗೆದು, ಅಂಟಿದ ಮಂಡಕ್ಕಿ ಝಾಡಿಸಿ, ಕುರ್ಚಿಯ ಮೇಲಿಟ್ಟು, ಒಳಗೆ ಹೋದಳು. ನನಗೆ ಅಳು ಬಂತು. ಸಿಟ್ಟಿಗೆ ಬಂದ ಅಳು ಅದು, ಒರೆಸಿಕೊಂಡೆ.

ಭಾವನ ಕಾಲು ನೆಲದ ಮೇಲೆ ಇರಲಿಲ್ಲ. “ನೋಡಿದಿ? ಕೈ ಮುಗದ್ರು! ನನಗ! ಇನ್ನ ಮಾರೋ ಮಾತು ಮನ್ಯಾಗ ಯಾರೂ ಎತ್ತಬಾರ್ದು.”

“ಪ್ರಶ್ನೆ ಕೇಳ್ಲೇ ಇಲ್ಲಲ್ಲ ಮಾಮಾ,” ಅಂದೆ. “ದೇವರ ಮುಂದ ಮಾತ್ ಕೊಟ್ಟೀರಿ.”

“ಉತ್ತರ ಕೊಡದಿದ್ರ ಮಾರೋದು ಅಂತ ಮಾತು. ಕೇಳಿದ್ರ ತಾನ ಉತ್ತರ? ಕೇಳಿಲ್ಲ ಅಂದಮ್ಯಾಲ ಮುಗೀತು.”

ಹೆಡ್ ಕ್ಲರ್ಕ್ ಬುದ್ಧಿ ನೋಡಿ. ಬಾಯಿಗೆ ಬಂದಂತೆ ಬೈದೆ. ಯಾವ ಮಾತು ಎಂದು ಬರೆಯುವುದಿಲ್ಲ, ಆದರೆ ಹತ್ತಿ ವ್ಯಾಪಾರಿ ಚಪ್ಪಲಿ ಹುಡುಕಿಕೊಂಡು ಬೇಗ ಹೋದ.

ಆ ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಭಾವ ಇಸ್ತ್ರಿಯ ಅಂಗಿ ಹಾಕಿಕೊಂಡು, ಸನ್ಮಾನದ ಕತೆ ಹೇಳಲು ಕಟ್ಟೆಗೆ ಹೋದರು. ಅಕ್ಕ ಹಿಟ್ಟು ನಾದಿಟ್ಟಿದ್ದಳು, ಒಲೆ ಹಚ್ಚಿರಲಿಲ್ಲ. ನನ್ನ ಪಕ್ಕ ಬಂದು ಕೂತು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು.

“ಇದರಾಗ ಮಾರೋದು ಹ್ಯಾಂಗ?”

“ಮಾಮಾಗ ಹೇಳಂಗಿಲ್ಲೇನು?”

“ನನ್ನ ಹೆಸರು ಕರದ್ರು,” ಅಂದಳು ಅಕ್ಕ. “ಅಷ್ಟು ಮಂದ್ಯಾಗ ನನ್ನ ಹೆಸರು ಕರದ್ರು. ನಾ ಮಾತಾಡಬೇಕಿತ್ತು.” ಫೋನನ್ನು ಇನ್ನಷ್ಟು ಹತ್ತಿರ ಹಿಡಿದಳು. “ತೋರ್ಸು. ನಾನ ಒತ್ತತೀನಿ.”

ತೋರಿಸಿದೆ. ಫೋನಿಗೆ ಬಂದ ಒಟಿಪಿಯನ್ನು ಅವಳೇ ಓದಿದಳು, ಅವಳೇ ಒತ್ತಿದಳು. ಬೆರಳಿಗೆ ಹಿಟ್ಟು ಅಂಟಿದ್ದರಿಂದ ಒಂದು ಸಲ ತಪ್ಪಿತು, ಸೀರೆಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಎಲ್ಲವನ್ನೂ ಮಾರಿದಳು, ಒಂದನ್ನೂ ಉಳಿಸಲಿಲ್ಲ. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದಳು.

ದಸರಾಕ್ಕೆ ರೊಟ್ಟಿ ಕೇಂದ್ರ ತೆರೆಯಿತು. ದುಡ್ಡು ನಾನು ಕೊಟ್ಟದ್ದೆಂದು ಭಾವ ತಾವೇ ತಿಳಿದುಕೊಂಡರು. ನಾವು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಪೂಜೆಯ ದಿನ ನನ್ನ ಕೊರಳಿಗೂ ಒಂದು ಹಾರ ಬಿತ್ತು. ನಾನು ಕಲ್ಲಿನಂತೆ ನಿಂತು ಹಾಕಿಸಿಕೊಂಡೆ. ಮಶೀನು ಗರಗರ ತಿರುಗಿ ಮೊದಲ ರೊಟ್ಟಿ ಹೊರಬಿದ್ದಾಗ ಅಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅದೇ ಗೋಡೆಗೆ, ಗಣಪತಿಯ ಪಕ್ಕ, ಭಾವ ದೊಡ್ಡ ಸಾವ್ಕಾರನ ಫೋಟೋ ತಂದು ಮೊಳೆ ಹೊಡೆದರು. ಅಕ್ಕ ಮುಂದಿನ ರೊಟ್ಟಿ ಎತ್ತಿಕೊಂಡಳು.

ನಾವು ಮಾರಿದ ಮೇಲೆ ಆ ಶೇರು ಏರಿತು. ಅಯ್ಯೋ, ಏರಿದ್ದೇ ಏರಿದ್ದು! ಸಂಜೆಯಾದರೆ ಭಾವ ಕೇಂದ್ರಕ್ಕೆ ಬಂದು, ರೊಟ್ಟಿ ಒಯ್ಯಲು ಬಂದವರಿಗೆಲ್ಲ ಅವತ್ತು ತಾವೆಷ್ಟು ಸಾವ್ಕಾರರಾದೆವು ಎಂದು ವರದಿ ಒಪ್ಪಿಸುತ್ತಿದ್ದರು. ಅಕ್ಕನ ಫೋನಿನಲ್ಲಿ ಖಾತೆ ತೆರೆದು ನೋಡುವ ಗೊಡವೆಗೆ ಹೋಗಲಿಲ್ಲ. ಅವರಿಗೆ ಬೇಕಿದ್ದದ್ದು ಲೆಕ್ಕವಲ್ಲ, ಟೀವಿಯ ಕೆಳಗೆ ಓಡುವ ಹಸಿರು ಅಕ್ಷರ. ನಾನೂ ದಿನಾ ಪೇಪರಿನಲ್ಲಿ ಆ ಶೇರಿನ ಬೆಲೆ ಹುಡುಕತೊಡಗಿದೆ, ಸುಳ್ಳೇಕೆ ಹೇಳಲಿ. ಅವಸರ ಮಾಡಿದೆವೇನೋ ಅಕ್ಕಾ ಎಂದರೆ, ಏರ್ಲಿ ಬಿಡು, ನನ್ನ ಭುಜ ನೋಯೂದು ನಿಂತದ ಎಂದಳು.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಸುದ್ದಿ ಬಂತು. ಕಂಪನಿಯ ಲೆಕ್ಕದಲ್ಲಿ ತೋರಿಸಿದ ಬ್ಯಾಟರಿಗಳು ಗೋದಾಮಿನಲ್ಲಿ ಇಲ್ಲವಂತೆ. ಸಾವ್ಕಾರ ಅಷ್ಟರಲ್ಲಿ ತನ್ನ ಪಾಲಿನ ದೊಡ್ಡ ಭಾಗವನ್ನು ಮಾರಿ ಮುಗಿಸಿದ್ದ. ಶೇರು ದಿನಾ ಬಿತ್ತು. ಕೊಳ್ಳುವವರೇ ಇಲ್ಲದ್ದರಿಂದ ಮಾರುತ್ತೇನೆ ಎಂದವರಿಗೂ ಮಾರಲು ಆಗಲಿಲ್ಲ. ಟೀವಿಯಲ್ಲಿ ಛಲೋ ಮಾಲು ತುಟ್ಟೀನ ಇರ್ತದ ಎಂದು ಹೇಳಿದ್ದ ಜಾಣರೇ, ಈಗ ಅದೇ ಕುರ್ಚಿಯಲ್ಲಿ ಅದೇ ಕೋಟು ಹಾಕಿಕೊಂಡು, ಬೆಲೆ ಮಿತಿಮೀರಿತ್ತು ಎಂದು ನಮಗೆ ಮೊದಲೇ ಅನ್ನಿಸಿತ್ತು ಎಂದರು. ನಾಚಿಕೆ ಮಾನ ಇಲ್ಲದವರು. ಇಂಜಿನಿಯರ್ ಹೈದರಾಬಾದಿನ ಮಗಳ ಮನೆಗೆ ಹೋದರು. ಹತ್ತಿ ವ್ಯಾಪಾರಿ ಜ್ವರ ಎಂದು ಮಲಗಿದ. ಭಾವ ಒಬ್ಬರೇ ಕಟ್ಟೆಗೆ ಬಂದ ದಿನ ಮಿಯಾ ಚಹಾ ತರಿಸಿ ಪಕ್ಕದಲ್ಲಿ ಕೂತರಂತೆ.

ಭಾವ ಅನ್ನ ಬಿಟ್ಟರು. ದಾಡಿ ಬೆಳೆಯಿತು. ಮನೆಯಲ್ಲಿ ಟೀವಿಗೆ ಬಟ್ಟೆ ಮುಚ್ಚಿದರು. ಅಕ್ಕ ಹೇಳಿಬಿಡಲೇ ಎಂದು ಫೋನಿನಲ್ಲಿ ಕೇಳಿದಳು. ಇನ್ನೂ ಸ್ವಲ್ಪ ಅನುಭವಿಸಲಿ ಎಂದವಳು ನಾನೇ. ಆದರೆ ಮೂರನೆಯ ಸಲ ಅವಳು ಕೇಳಿದಾಗ, ಬರ್ತೀನಿ ತಡಿ, ನಾನೂ ನೋಡಬೇಕು ಎಂದು ಬಸ್ಸು ಹತ್ತಿದೆ.

ಮಧ್ಯಾಹ್ನದ ಹೊತ್ತು. ಕೆಲಸದ ಹೆಂಗಸರು ಊಟಕ್ಕೆ ಹೋಗಿದ್ದರು. ಕೇಂದ್ರದ ಮೂಲೆಯಲ್ಲಿ ಜೋಳದ ಹಿಟ್ಟಿನ ಚೀಲದ ಮೇಲೆ ಭಾವ ಕೂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿದರು. ಆಮೇಲೆ ಏನನ್ನಿಸಿತೋ, ಅಕ್ಕನ ಕಡೆ ಎರಡೂ ಕೈ ಜೋಡಿಸಿ ಹೋ ಎಂದು ಅತ್ತರು. ಅಷ್ಟು ದೊಡ್ಡ ಆಳು ಅಳುವುದನ್ನು ನಾನು ನೋಡಿರಲಿಲ್ಲ.

“ನಿಮ್ಮಪ್ಪನ ಹೊಲ ನುಂಗಿದೆ ನಾ. ನಿನ್ನ ರೊಕ್ಕ ಮಣ್ಣಾಗ ಹಾಕಿದೆ. ನನಗ ಏನ್ ಶಿಕ್ಷಾ ಕೊಡ್ತಿ ಕೊಡು.”

ನನ್ನ ಸಿಟ್ಟು ಆ ಗಳಿಗೆಗೆ ಇಳಿಯಿತು. ಇಷ್ಟು ದಿನ ಈ ಮನುಷ್ಯನನ್ನು ಕಾಲಿನ ಕಸ ಮಾಡಿ ನೋಡಿದೆನಲ್ಲ, ಒಳಗೆ ಒಂದು ಜೀವ ಇತ್ತಲ್ಲ ಅನ್ನಿಸಿತು. ಅಕ್ಕನ ಕಣ್ಣಲ್ಲೂ ನೀರು. ಅವಳು ಅವರ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

“ಅಳಬ್ಯಾಡ್ರಿ. ರೊಕ್ಕ ಹೋಗಿಲ್ಲ. ಸನ್ಮಾನದ ಮರುದಿನಾನ ಎಲ್ಲಾ ಮಾರಿದೆ. ಈ ಮಶೀನ ಆ ರೊಕ್ಕದ್ದ. ಈ ಮಳಗಿ ಅದರದ. ನೀವು ಕುಂತ ಚೀಲಾನೂ ಅದರದ.”

ಭಾವನ ಅಳು ನಿಂತಿತು. ಮಶೀನಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಈಗ ನಗುತ್ತಾರೆ, ಇಲ್ಲವೇ ಅಕ್ಕನ ಕೈ ಹಿಡಿಯುತ್ತಾರೆ ಎಂದು ನಾನು ಕಾದೆ. ಅವರ ಮುಖ ಮೆಲ್ಲಗೆ ಬಿಗಿಯಿತು.

“ಮರುದಿನಾನಾ?” ಅಂದರು. “ಅಷ್ಟು ಮಂದಿ ಮುಂದ ಶಾಲು ಹೊದಿಸಿ, ಮರುದಿನಾನ ಮಾರಿದಿ? ಒಂದ್ ಶೇರಾದ್ರೂ ಇಟ್ಟಗೋಬಾರ್ದಾ? ಸಾವ್ಕಾರ್ರಿಗಿ ಗೊತ್ತಾದ್ರ ನನ್ನ ಬಗ್ಗೆ ಏನ್ ತಿಳ್ಕೊಂಡಾರು?”

ಅಕ್ಕ ಮೊಣಕಾಲಿಗೆ ಕೈ ಊರಿ ಎದ್ದಳು.

“ಏಳ್ರಿ ಚೀಲದ ಮ್ಯಾಲಿಂದ,” ಅಂದಳು. “ಹಿಟ್ಟು ಬೇಕು ನಂಗ.”